ಇಲ್ಲದ ಕಳ್ಳಿಗೆ ಕಟ್ಟಿದ ಮೈಕು

ಕಲ್ಯಾಣದುರ್ಗದಿಂದ ಕರೆ ಬಂದಾಗ ನಾನು ಹಿಂದೂಪುರದ ಮಂಡಿಗಳ ಬೀದಿಯಲ್ಲಿ ಒಂದು ಸಿನಿಮಾ ಪ್ರಚಾರ ಮುಗಿಸಿ ಜಟಕಾದ ನೆತ್ತಿಯಿಂದ ಹಾರ್ನು ಬಿಚ್ಚುತ್ತಿದ್ದೆ. ಹುಣಸೆಹಣ್ಣಿನ ಕಾಲ. ಮೂಟೆ ಏರಿಸುವವರ ಗದ್ದಲದ ಮೇಲೆ ಕೂಗಿ ಕೂಗಿ ಗಂಟಲು ಒರಟಾಗಿತ್ತು. ಕಲ್ಯಾಣದುರ್ಗದ ಬಸ್ಸಿನ ಕಂಡಕ್ಟರು ಹತ್ತಿರ ಬಂದು, "ಅಲ್ಲಿನ ಎಮ್ಮಾರ್ವೋ ಸಾರು ನಿನ್ನ ಬರೇಳವ್ರೆ ಕಣಪ್ಪ. ಮೈಕು, ಬ್ಯಾಟ್ರಿ ಎಲ್ಲಾ ತಗೊಂಡು ನಾಳೆ ನನ್ ಬಸ್ಸಿಗೇ ಬಾ" ಎಂದ. ಎಮ್ಮಾರ್ವೋ ಎಂದರೆ ಮಂಡಲದ ಕಂದಾಯ ಅಧಿಕಾರಿ. ಆಂಧ್ರದಲ್ಲಿ ತಾಲೂಕುಗಳನ್ನು ಒಡೆದು ಮಂಡಲ ಮಾಡಿ ಆಗಿನ್ನೂ ಹೆಚ್ಚು ಕಾಲ ಆಗಿರಲಿಲ್ಲ.

ಅಲ್ಲಿಯೂ ಮೈಕಿನವರಿದ್ದರು. ಆದರೆ ಈ ಅಧಿಕಾರಿ ಹಿಂದೆ ಹಿಂದೂಪುರದಲ್ಲಿ ಕೆಲಸ ಮಾಡುವಾಗ ನನ್ನ ಧ್ವನಿ ಕೇಳಿದ್ದರಂತೆ. ಗಡಿಯ ಹಳ್ಳಿಗಳಿಗೆ ತೆಲುಗು, ಕನ್ನಡ ಎರಡರಲ್ಲೂ ತಡವರಿಸದೆ ಹೇಳುವವನು ಬೇಕು ಎಂದರಂತೆ. ನನಗೆ ಒಳಗೊಳಗೇ ಖುಷಿಯಾಯಿತು. ನನ್ನ ಗಂಟಲಿನ ಬಗ್ಗೆ ನನಗೆ ಸ್ವಲ್ಪ ಜಂಬವಿತ್ತು, ಈಗಲೂ ಇದೆ.

ಎರಡು ಹಾರ್ನು, ಆಂಪ್ಲಿಫೈಯರು, ಲಾರಿ ಬ್ಯಾಟರಿ, ತಂತಿಯ ಸುರುಳಿ ಎಲ್ಲವನ್ನೂ ಬಸ್ಸಿನ ಮೇಲೆ ಹಾಕಿಸಿ ಮಡಕಶಿರಾ, ಪಾವಗಡದ ಮೇಲೆ ಹೋದೆ. ದಾರಿಯಲ್ಲಿ ಬಸ್ಸು ಆಂಧ್ರ ಬಿಟ್ಟು ಕರ್ನಾಟಕಕ್ಕೆ ಬಂದು ಮತ್ತೆ ಆಂಧ್ರಕ್ಕೆ ಹೋಗುತ್ತದೆ. ಬೋರ್ಡಿನ ಅಕ್ಷರ ಬದಲಾಗುವುದು ಬಿಟ್ಟರೆ ಬೇರೇನೂ ವ್ಯತ್ಯಾಸ ಕಾಣುವುದಿಲ್ಲ. ಆಸಿಡ್ ಚೆಲ್ಲದಿರಲೆಂದು ಬ್ಯಾಟರಿಯನ್ನು ಮಾತ್ರ ಕಾಲ ಬಳಿ ಇಟ್ಟುಕೊಂಡಿದ್ದೆ.

ಕಚೇರಿಯ ಜಗುಲಿಯಲ್ಲಿ ಇಬ್ಬರು ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ಹಿರಿಯಾಕೆಯ ಹಣೆಗೆ ಬಟ್ಟೆ ಕಟ್ಟಿತ್ತು. ಪಕ್ಕದಲ್ಲಿ ಮಂಕಾಗಿ ಕೂತವಳು ಆಕೆಯ ಸೊಸೆ. ಅವರು ಕೂದಲಿನವರು. ಎಂದರೆ, ಊರೂರು ನಡೆದು ಹೋಗಿ, ಹೆಂಗಸರು ತಲೆ ಬಾಚಿಕೊಂಡಾಗ ಉದುರಿದ ಕೂದಲನ್ನು ತೆಗೆದುಕೊಂಡು ಅದಕ್ಕೆ ಬದಲಾಗಿ ಪಿನ್ನು, ಸೂಜಿ, ಮಣಿ, ಟೇಪು ಕೊಡುವವರು. ಆ ಕೂದಲು ಎಲ್ಲೆಲ್ಲೋ ಕೈ ಬದಲಾಯಿಸಿ ಕೊನೆಗೆ ಚೌರಿಯಾಗುತ್ತದೆ. ಊರ ಹೊರಗೆ ಕೆರೆಯ ಏರಿಯ ಕೆಳಗೆ ಅವರದು ಒಂದಷ್ಟು ಗುಡಿಸಲುಗಳಿದ್ದವು.

ಏನಾಯಿತು ಎಂಬುದನ್ನು ಅಧಿಕಾರಿ ಒಳಗೆ ಕೂರಿಸಿಕೊಂಡು ಹೇಳಿದರು. ಎಲ್ಲೋ ದೊಡ್ಡ ಹೊಳೆಗೆ ಸೇತುವೆ ಕಟ್ಟುತ್ತಿದ್ದಾರಂತೆ, ಕಂಬ ನಿಲ್ಲುತ್ತಿಲ್ಲವಂತೆ, ಮಕ್ಕಳನ್ನು ಬಲಿ ಕೊಡಬೇಕಂತೆ, ಅದಕ್ಕಾಗಿ ಹೆಂಗಸರು ಚೀಲ ಹಿಡಿದು ಮಿಠಾಯಿ ತೋರಿಸಿ ಮಕ್ಕಳನ್ನು ಹೊತ್ತೊಯ್ಯುತ್ತಿದ್ದಾರಂತೆ ಎಂಬ ಗುಲ್ಲು ಆ ಕಡೆ ಹಬ್ಬಿತ್ತು. ಕೂದಲಿನವರ ಹೆಗಲ ಮೇಲೂ ಚೀಲವಿರುತ್ತದೆ. ತಾಯಂದಿರು ಕೂದಲು ತರಲು ಒಳಗೆ ಹೋದಾಗ ಅಂಗಳದ ಮಕ್ಕಳ ಕೈಗೆ ಒಂದೊಂದು ಬತಾಸು ಇಡುವುದು ಅವರ ವಾಡಿಕೆ. ಬ್ರಹ್ಮಸಮುದ್ರದ ಆಚೆಯ ಒಂದು ಊರಿನಲ್ಲಿ ಗಂಡಸರು ಇವರಿಬ್ಬರನ್ನೂ ಹಿಡಿದು ಚಾವಡಿಯ ಕಂಬಕ್ಕೆ ಕಟ್ಟಿದರು. ಚೀಲ ಕೊಡವಿದರೆ ಉದ್ದುದ್ದ ಕೂದಲು ಬಿತ್ತು. ಅದನ್ನು ನೋಡಿದ್ದೇ ತಡ, ಇದು ಕೊಂದ ಮಕ್ಕಳ ಕೂದಲು ಎಂದು ಯಾರೋ ಕೂಗಿದರು. ಆ ದಾರಿಯಲ್ಲಿ ಬಂದ ಬಸ್ಸಿನ ಡ್ರೈವರು ಬ್ರಹ್ಮಸಮುದ್ರದ ಠಾಣೆಗೆ ಸುದ್ದಿ ಮುಟ್ಟಿಸದೆ ಹೋಗಿದ್ದರೆ ಅವರು ಉಳಿಯುತ್ತಿರಲಿಲ್ಲ.

ಅಧಿಕಾರಿಯ ಮೇಜಿನ ಮೇಲೆ ಪತ್ರಿಕೆಯ ತುಣುಕೊಂದು ಇತ್ತು. "ಮಕ್ಕಳ ಕಳ್ಳರ ವದಂತಿ: ಗ್ರಾಮಗಳಲ್ಲಿ ಆತಂಕ" ಎಂಬ ಅರ್ಥದ ತಲೆಬರಹ. ಪತ್ರಿಕೆಯವರು ಸುಳ್ಳು ಬರೆದಿರಲಿಲ್ಲ. ವದಂತಿ ಎಂದೇ ಬರೆದಿದ್ದರು. ಆದರೆ ಹಳ್ಳಿಯ ಟೀ ಅಂಗಡಿಯಲ್ಲಿ ಪತ್ರಿಕೆ ಓದುವವನು ಒಬ್ಬ, ಕೇಳುವವರು ಬೆಂಚಿನ ತುಂಬ. ಕೇಳಿದವರು ಮನೆಗೆ ಹೋಗಿ, ಪೇಪರಿನಲ್ಲೇ ಬಂದಿದೆ ಎಂದರು. ಏನು ಬಂದಿದೆ ಎಂದು ಯಾರೂ ಕೇಳಲಿಲ್ಲ.

"ಇವರು ನಿತ್ಯ ತಿರುಗಿದರೇ ಊಟ. ಈಗ ಏರಿ ದಾಟೋದಕ್ಕೂ ಹೆದರ್ತಾರೆ. ಇನ್ನೊಂದು ಸಲ ಹೀಗಾದರೆ ಹೆಣ ಬೀಳುತ್ತೆ. ನೀನು ಊರೂರಿಗೆ ಹೋಗಿ ಇದು ಸುಳ್ಳು ಅಂತ ಹೇಳಬೇಕು" ಎಂದರು ಅಧಿಕಾರಿ, ತೆಲುಗಿನಲ್ಲಿ. ಟೈಪು ಮಾಡಿದ ಹಾಳೆ ಕೈಗೆ ಕೊಟ್ಟರು. ಮಕ್ಕಳನ್ನು ಅಪಹರಿಸುವವರು ಸಂಚರಿಸುತ್ತಿದ್ದಾರೆಂಬ ಸುದ್ದಿ ಸಂಪೂರ್ಣ ಆಧಾರರಹಿತ, ಸಾರ್ವಜನಿಕರು ಅದನ್ನು ನಂಬಬಾರದು ಎಂದು ಮೊದಲನೆಯ ಸಾಲು. ಅನುಮಾನಾಸ್ಪದ ವ್ಯಕ್ತಿಗಳು ಕಂಡುಬಂದಲ್ಲಿ ತಾವೇ ಶಿಕ್ಷಿಸದೆ ಕೂಡಲೇ ಠಾಣೆಗೆ ತಿಳಿಸಬೇಕು ಎಂದು ಎರಡನೆಯದು. ನಾನು ಓದಿ, ಕನ್ನಡ ಮಾಡಿಕೊಂಡು, ಸರಿ ಸಾರ್ ಎಂದೆ. ನಮ್ಮ ಕಸುಬಿನಲ್ಲಿ ವಿಷಯ ಕೊಟ್ಟವರದು, ಗಂಟಲು ನಮ್ಮದು.

ಕಚೇರಿಯ ಜೀಪಿನ ಮೇಲೆ ಒಂದು ಹಾರ್ನು ಮುಂದಕ್ಕೆ, ಒಂದು ಹಿಂದಕ್ಕೆ ಮಾಡಿ ಕಟ್ಟಿದೆ. ಹಾರ್ನಿನ ಬಾಯಿ ಸ್ವಲ್ಪ ಮೇಲಕ್ಕಿರಬೇಕು, ಆಗ ಮಾತು ಮನೆಗಳ ಮಾಳಿಗೆ ದಾಟಿ ಹಿಂದಿನ ಬೀದಿಗೂ ಬೀಳುತ್ತದೆ. ನೆಟ್ಟಗಿಟ್ಟರೆ ಎದುರಿನ ಗೋಡೆಗೆ ಬಡಿದು ಮಾತಿನ ಮೇಲೆ ಮಾತು ಬಂದು ಕಲಸಿಹೋಗುತ್ತದೆ. ಮೈಕಿಗೆ ಕರವಸ್ತ್ರ ಸುತ್ತಿದೆ, ಗಾಳಿಯ ಬುಸುಗುಡುವಿಕೆ ನಿಲ್ಲಲಿ ಎಂದು. ಊರ ನಡುವೆ ನಿಲ್ಲಿಸಿದಾಗ ಎಂಜಿನ್ ಆಫ್ ಮಾಡಬೇಕು, ಇಲ್ಲದಿದ್ದರೆ ಅದರ ಗೊರಗೊರವೂ ಹಾರ್ನಿಗೆ ಸೇರಿಕೊಳ್ಳುತ್ತದೆ ಎಂದು ಜೀಪಿನ ಡ್ರೈವರಿಗೆ ಹೇಳಿದೆ. ಅವನು ನನಗಿಂತ ಹಿರಿಯ, ಸರ್ವೀಸಿನಲ್ಲಿ ತಲೆ ನೆರೆದವನು. "ಎಂಜಿನ್ ಆಫ್ ಮಾಡಿದ್ರೆ ತಿರ್ಗಾ ಸ್ಟಾರ್ಟ್ ಆಗಲ್ಲ. ನೀನು ತಳ್ಳಾಕೆ ರೆಡಿ ಇದ್ರೆ ಮಾಡ್ತೀನಿ" ಎಂದ. ತಳ್ಳಿದೆ, ಪ್ರತಿ ಊರಿನಲ್ಲೂ.

ಮೊದಲು ಒಂದು ಸಿನಿಮಾ ಹಾಡು ಹಾಕಿ ಜನ ಸೇರಿಸುವುದು, ಪಲ್ಲವಿ ಮುಗಿದ ಕೂಡಲೇ ಹಾಡು ಕತ್ತರಿಸಿ ಮಾತು ಶುರು ಮಾಡುವುದು ನನ್ನ ಪದ್ಧತಿ. ಹಾಡಿನ ಆಸೆಗೆ ನಿಂತವರು ಮಾತು ಮುಗಿಯುವವರೆಗೆ ಕದಲುವುದಿಲ್ಲ. ಮೊದಲ ದಿನ ಹೋದ ಕಡೆಯಲ್ಲೆಲ್ಲ ಜನ ಚೆನ್ನಾಗಿ ಸೇರಿದರು. ತೆಲುಗಿನಲ್ಲಿ ಒಂದು ಸಲ, ಕನ್ನಡದಲ್ಲಿ ಒಂದು ಸಲ ಹೇಳಿದೆ. ಗಲಾಟೆ ಮಾಡದೆ, ಬಾಯಿ ಬಿಚ್ಚದೆ ಕೇಳಿದರು. ಇಷ್ಟು ಗಮನವಿಟ್ಟು ಕೇಳುವ ಜನ ಸಿನಿಮಾ ಪ್ರಚಾರಕ್ಕೂ ಸಿಕ್ಕಿರಲಿಲ್ಲ. ಕೆಲಸ ಕೈಗೂಡುತ್ತಿದೆ ಎಂದುಕೊಂಡೆ.

ಮರುದಿನ ಅದೇ ದಾರಿಯಲ್ಲಿ ಮುಂದಿನ ಊರುಗಳಿಗೆ ಹೊರಟಾಗ ಒಂದು ಶಾಲೆಯ ಮೇಷ್ಟ್ರು ಜೀಪಿಗೆ ಅಡ್ಡ ನಿಂತರು. "ಯಾರಪ್ಪಾ ನಿನ್ನೆ ಮೈಕಿನಲ್ಲಿ ಕೂಗಿದ್ದು?" ಎಂದರು. ನಾನೇ ಎಂದೆ, ಹೊಗಳುತ್ತಾರೇನೋ ಎಂದು.

"ಒಳಗೆ ಬಂದು ನೋಡು. ಒಂದು ಮಗು ಇಲ್ಲ. ನಮ್ಮೂರಿಗೆ ಆ ಸುದ್ದಿ ಗೊತ್ತೇ ಇರಲಿಲ್ಲ. ನೀನು ಬಂದು ಹೇಳಿದ ಮೇಲೆ ಎಲ್ಲ ತಾಯಂದಿರೂ ಮಕ್ಕಳನ್ನ ಮನೇಲಿ ಕೂಡಿ ಹಾಕ್ಕೊಂಡವ್ರೆ. ಯಾರೋ ಬಂದವ್ರಂತೆ, ಸರ್ಕಾರದವ್ರೇ ಬಂದು ಹೇಳಿ ಹೋದ್ರು ಅಂತಾರೆ."

"ನಂಬಬೇಡಿ ಅಂತಲ್ವಾ ಮೇಷ್ಟ್ರೇ ನಾನು ಹೇಳಿದ್ದು?"

"ಅದನ್ನ ಯಾರು ಕೇಳಿಸ್ಕೊಂಡ್ರು? ಮಕ್ಕಳು ಅಂದೆ, ಅಪಹರಣ ಅಂದೆ, ಠಾಣೆ ಅಂದೆ. ಅಷ್ಟೇ ಸಾಕಲ್ವಾ?"

ನನಗೆ ಸಿಟ್ಟು ಬಂತು. ಮೇಷ್ಟ್ರು ತಮ್ಮ ಶಾಲೆಯ ಹಾಜರಿಯ ಚಿಂತೆಗೆ ಹೀಗೆ ಹೇಳುತ್ತಿದ್ದಾರೆ ಎಂದು ಡ್ರೈವರಿಗೆ ಹೇಳಿದೆ. ಮುಂದಿನ ಊರಿನಲ್ಲಿ ಹಾಡು ಹಾಕದೆ, ಮೊದಲನೆಯ ಸಾಲನ್ನು ಒತ್ತಿ ಒತ್ತಿ, "ಸುಳ್ಳು, ಬರೀ ಸುಳ್ಳು" ಎಂದು ಸೇರಿಸಿ ಹೇಳಿದೆ. ಹೇಳುತ್ತಿದ್ದಂತೆ ಎದುರಿನ ಮನೆಯ ಹೆಂಗಸು ಬೀದಿಯಲ್ಲಿ ಆಡುತ್ತಿದ್ದ ಮಗುವಿನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಬಾಗಿಲು ಹಾಕಿದಳು. ಅದನ್ನು ಕಣ್ಣಾರೆ ನೋಡಿದ ಮೇಲೆ ನನ್ನ ಧ್ವನಿ ತಾನಾಗಿಯೇ ತಗ್ಗಿತು.

ಅದರಾಚೆಯ ಊರಿನಲ್ಲಿ ನಮ್ಮನ್ನೇ ಸುತ್ತುವರಿದರು. ಜೀಪು ಎಂದರೆ ಸುಮ್ಮನೆ ಬರುವ ಗಾಡಿಯಲ್ಲ, ಹಿಂದೆ ಏನಿದೆ ತೋರಿಸು ಎಂದರು. ಬ್ಯಾಟರಿ ಮುಚ್ಚಿದ್ದ ಗೋಣಿಯನ್ನು ಒಬ್ಬ ಎಳೆದ. ಇನ್ನೊಬ್ಬ ಹಾರ್ನಿನ ತಂತಿಯನ್ನು ಕಿತ್ತೇಬಿಟ್ಟ. ಡ್ರೈವರು ಸರ್ಕಾರಿ ಬೋರ್ಡು ತೋರಿಸಿ ಸಮಾಧಾನ ಮಾಡುತ್ತಿದ್ದ. ಆಗ ಹೆಗಲ ಮೇಲೆ ಟವಲು ಹಾಕಿಕೊಂಡ ಒಬ್ಬ ರೈತ ಮುಂದೆ ಬಂದು, ಜಗಳದ ಧ್ವನಿಯೇ ಇಲ್ಲದೆ ಕೇಳಿದ:

"ಒಂದ್ ಮಾತು ಹೇಳಪ್ಪ. ಬೋರು ಒಣಗೋಯ್ತು ಅಂತ ನಾವು ಎಷ್ಟ್ ಸಲ ಕಚೇರಿಗೆ ತಿರುಗಿದ್ರೂ ಒಂದ್ ಜೀಪು ಬರ್ನಿಲ್ಲ. ಏನೂ ಇಲ್ದೆ ಇರೋದಕ್ಕೆ ಸರ್ಕಾರ ಇಷ್ಟು ಡೀಸೆಲ್ ಯಾಕೆ ಸುಡ್ತೈತೆ? ಏನೂ ಇಲ್ಲ ಅಂದ್ರೆ ನೀನ್ಯಾಕೆ ಬತ್ತಿದ್ದೆ?"

ಅವನು ಮುಗ್ಧತೆಯಿಂದ ಕೇಳಿದ್ದಲ್ಲ, ತಿಳಿದೇ ಕೇಳಿದ್ದು. ಒಂದು ಮಾತನ್ನು ಇಲ್ಲ ಎನ್ನಬೇಕಾದರೆ ಮೊದಲು ಆ ಮಾತನ್ನು ಆಡಬೇಕು. ನಾನು ಎರಡು ಭಾಷೆಯಲ್ಲಿ, ಎರಡು ಹಾರ್ನಿನಲ್ಲಿ ಅದನ್ನೇ ಆಡುತ್ತಿದ್ದೆ. ಯಾವ ಬಾಯಿಗೂ ಆಗದಷ್ಟು ದೂರ ಮಕ್ಕಳ ಕಳ್ಳಿಯನ್ನು ನಾನು ಜೀಪಿನಲ್ಲಿ ಕೂರಿಸಿಕೊಂಡು ಬಂದಿದ್ದೆ.

ಜನ ಚದುರಿದ ಮೇಲೆ ಡ್ರೈವರು ರೇಡಿಯೇಟರಿಗೆ ನೀರು ತರಲು ಹೋದ. ನಾನು ಊರ ಕೊನೆಯ ಒಂದು ಮನೆಯ ನೆರಳಿನಲ್ಲಿ ಕೂತು ಕಿತ್ತ ತಂತಿಯನ್ನು ಸುಲಿದು ಮತ್ತೆ ಜೋಡಿಸತೊಡಗಿದೆ. ಕಲ್ಲಿನ ಗೋಡೆ. ಕಲ್ಲು ಕಲ್ಲಿನ ಸಂದಿಯಲ್ಲಿ ಕಪ್ಪಗೆ ಏನೋ ತುರುಕಿತ್ತು. ನೋಡಿದರೆ ಕೂದಲಿನ ಉಂಡೆ. ಒಂದಲ್ಲ, ಕೈಗೆ ಎಟುಕುವ ಎಲ್ಲ ಸಂದಿಯಲ್ಲೂ ಇತ್ತು. ನಮ್ಮ ಮನೆಯಲ್ಲಿ ಅಮ್ಮನೂ ಹಾಗೇ ಮಾಡುತ್ತಿದ್ದಳು. ಬಾಚಿದ ಮೇಲೆ ಹಣಿಗೆಯಲ್ಲಿ ಉಳಿದದ್ದನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿ ಗೋಡೆಗೆ ಸಿಕ್ಕಿಸುವುದು, ಕೂದಲಿನವಳು ಬಂದಾಗ ಕಿತ್ತು ಕೊಡುವುದು. ಪಕ್ಕದ ಮನೆಯ ಗೋಡೆ ನೋಡಿದೆ. ಅಲ್ಲಿಯೂ ತುಂಬಿತ್ತು.

ಆ ಮನೆಯ ಹೆಂಗಸು ಹೊರಗೆ ಬಂದಳು. ನಾನು ಗೋಡೆ ತೋರಿಸಿ, ಏನಮ್ಮ ಇಷ್ಟೊಂದು ಎಂದೆ.

"ಏನ್ ಮಾಡಾನಪ್ಪ, ಕೂದ್ಲೋಳು ಈ ಕಡೆ ಬಂದು ಬೋ ದಿನ ಆಯ್ತು. ಒಂದ್ ಪಿನ್ನಿಲ್ಲ, ಸೂಜಿ ಇಲ್ಲ. ಎಲ್ಲೋದ್ಲೋ ಏನೋ."

"ಅವಳೂ ಚೀಲ ಹಾಕ್ಕೊಂಡೇ ಬರ್ತಾಳಲ್ಲ? ಮಕ್ಕಳ ಕಳ್ಳಿ ಅಂತ ಭಯ ಇಲ್ವಾ ನಿಂಗೆ?"

ಆಕೆ ನನ್ನನ್ನು ಎಲ್ಲಿಂದ ಬಂದ ಪೆದ್ದನೋ ಎಂಬಂತೆ ನೋಡಿದಳು. "ಅಯ್ಯೋ, ಕಳ್ಳಿ ಬ್ಯಾರೆ, ಇವ್ಳು ಬ್ಯಾರೆ ಕಣಪ್ಪ. ಇವ್ಳು ನಮ್ ಕೂದ್ಲೋಳು. ನಾನು ಮದ್ವೆಯಾಗಿ ಬಂದಾಗಿಂದ ಇವ್ಳೇ ಬತ್ತಿರೋದು."

ಕಲ್ಯಾಣದುರ್ಗಕ್ಕೆ ಮರಳಿದವನು ಅಧಿಕಾರಿಯ ಹತ್ತಿರ ಹೋಗಲಿಲ್ಲ, ಕೆರೆ ಏರಿಯ ಕೆಳಗೆ ಹೋದೆ. ಹಣೆಗೆ ಬಟ್ಟೆ ಕಟ್ಟಿದ ಹಿರಿಯಾಕೆ ಗುಡಿಸಲ ಮುಂದೆ ಖಾಲಿ ಚೀಲ ಹೊಲಿಯುತ್ತಿದ್ದಳು. ಮಕ್ಕಳು ಯಾವುದೋ ಗಡ್ಡೆ ಬೇಯಿಸಿಕೊಂಡು ತಿನ್ನುತ್ತಿದ್ದವು. ಆಕೆಗೆ ಗೋಡೆಯ ವಿಷಯ ಹೇಳಿದೆ, ಊರಿನ ಹೆಸರನ್ನೂ ಹೇಳಿದೆ. "ಅದು ನನ್ನೂರೇ" ಎಂದಳು. ಅವರಲ್ಲಿ ಒಂದೊಂದು ಮನೆಗೆ ಇಂತಿಷ್ಟು ಊರು ಎಂದು ಇದೆಯಂತೆ. ಒಬ್ಬರ ಊರಿಗೆ ಇನ್ನೊಬ್ಬರು ಹೋಗುವುದಿಲ್ಲ. ಅತ್ತೆಯ ಊರುಗಳು ಸೊಸೆಗೆ ಬರುತ್ತವೆ.

"ಹಂಗಾದ್ರೆ ನಿಮ್ಮನ್ನ ಕಟ್ಟಿ ಹಾಕಿದ ಊರು?"

"ಅದು ನಂದಲ್ಲ ನಾಯ್ನಾ. ನನ್ ತಂಗೀದು. ಅವ್ಳು ತೀರ್ಕೊಂಡ್ಳು. ಮಕ್ಕಳಿಲ್ಲ. ಅದ್ಕೇ ಆ ಕಡೇ ಊರೆಲ್ಲಾ ಸೊಸೆಗೆ ಇರ್ಲಿ ಅಂತ ಹೊಸ್ದಾಗಿ ಕರ್ಕೊಂಡೋದೆ. ನಮ್ಮನ್ನ ಅಲ್ಲಿ ಯಾರೂ ಕಂಡೋರಲ್ಲ."

ಅಷ್ಟು ಕೇಳಿದ ಮೇಲೆ ಏನು ಮಾಡಬೇಕು ಎಂಬುದು ನನಗೆ ಹೊಳೆಯಿತು. ಕಳ್ಳಿ ಇಲ್ಲ ಎಂದು ಎಷ್ಟು ಕೂಗಿದರೂ ಪ್ರಯೋಜನವಿಲ್ಲ. ಇವಳು ಇದ್ದಾಳೆ ಎಂದು ಕೂಗಬೇಕು. ಸಿನಿಮಾಕ್ಕೆ ನಾವು ಮಾಡುವುದು ಅದನ್ನೇ. ಚಿತ್ರ ಕೆಟ್ಟದಾಗಿದೆ ಎಂಬ ಸುದ್ದಿ ಹಬ್ಬಿದಾಗ, ಇಲ್ಲ, ಕೆಟ್ಟದಾಗಿಲ್ಲ ಎಂದು ಮೈಕಿನಲ್ಲಿ ಹೇಳುವ ದಡ್ಡ ಯಾರೂ ಇಲ್ಲ. ಹಾಡು ಹಾಕಿ, ಫೈಟು ಹೇಳಿ, ಇಂದೇ ನೋಡಿ ಎನ್ನುತ್ತೇವೆ.

ಅಧಿಕಾರಿಗೆ ಹೇಳಿದಾಗ ಅವರು ಪೆನ್ನು ಕೆಳಗಿಟ್ಟರು. "ಸರ್ಕಾರಿ ಜೀಪಿನಲ್ಲಿ ಪಿನ್ನು ಮಾರೋದಾ?"

"ಜೀಪು ಬೇಡ ಸಾರ್. ಜೀಪು ಬಂದಷ್ಟೂ ಭಯ. ಆ ಹಾಳೆಯನ್ನೂ ಇನ್ನು ಓದಲ್ಲ. ಆಕೆ ಮುಂದೆ ನಡೀತಾಳೆ, ನಾನು ಹಿಂದೆ ಎತ್ತಿನ ಗಾಡೀಲಿ ಹೋಗ್ತೀನಿ."

ಅವರ ಕಷ್ಟವೂ ನನಗೆ ಅರ್ಥವಾಗುತ್ತಿತ್ತು. ಮತ್ತೆ ಆಕೆಗೆ ಏಟು ಬಿದ್ದರೆ ಕಳಿಸಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಕೊನೆಗೆ, "ಆಕೆ ಒಪ್ಪಿದರೆ ಮಾಡು. ಬ್ರಹ್ಮಸಮುದ್ರದ ಠಾಣೆಗೆ ಹೇಳಿರ್ತೀನಿ. ಆದರೆ ಪೊಲೀಸರು ಜೊತೆಗೆ ಬರೋದು ಬೇಡ, ಅಲ್ವಾ?" ಎಂದರು. ಬೇಡ ಎಂದೆ. ಅಷ್ಟು ಸೂಕ್ಷ್ಮ ತಿಳಿಯುವ ಅಧಿಕಾರಿ ಸಿಕ್ಕಿದ್ದು ನಮ್ಮ ಅದೃಷ್ಟ.

ಆಕೆ ಒಪ್ಪುವುದು ಮಾತ್ರ ಸುಲಭವಾಗಲಿಲ್ಲ. ಹೆದರಿಕೆ ಇತ್ತು, ಆದರೆ ಆಕೆಯ ತಕರಾರು ಬೇರೆ. "ನಿನ್ ಮೈಕು ನನ್ ಕೂಗು ತಿಂದಾಕ್ತೈತೆ" ಎಂದಳು. ಮೂವತ್ತು ಮನೆಯ ಊರಿರಲಿ, ಮುನ್ನೂರು ಮನೆಯ ಊರಿರಲಿ, ಆಕೆಯ ಕೂಗು ಕೇಳಿಯೇ ಹೆಂಗಸರು ಹೊರಗೆ ಬರುವುದು. ಹಾಗಾದರೆ ಕೂಗನ್ನೇ ಮೈಕಿನಲ್ಲಿ ಹಾಕೋಣ ಎಂದು ನಾನು ಅಲ್ಲೇ ಬ್ಯಾಟರಿ ಜೋಡಿಸಿದೆ. ಆಕೆ ಮೈಕಿನ ಮುಂದೆ ನಿಂತು, "ಕೂದ್ಲಿಗೆ ಪಿನ್ನೋ... ಎಂಟಿಕಲಿಕಿ ಪಿನ್ನೋ..." ಎಂದು ಕನ್ನಡ, ತೆಲುಗು ಎರಡನ್ನೂ ಒಂದೇ ಉಸಿರಿಗೆ ಎಳೆದಳು. ಹಾರ್ನಿನಿಂದ ಬಂದದ್ದು ಯಾರದೋ ಧ್ವನಿ, ಗಂಡಸೋ ಹೆಂಗಸೋ ತಿಳಿಯದ ಹಾಗೆ. ಸೊಸೆ ಎಷ್ಟೋ ದಿನದ ಮೇಲೆ ಬಾಯಿ ಮುಚ್ಚಿಕೊಂಡು ನಕ್ಕಳು. ಕೊನೆಗೆ ಹೀಗೆ ಒಪ್ಪಂದವಾಯಿತು: ಊರ ಬಾಗಿಲಲ್ಲಿ ನಾನು ಪ್ರಕಟಣೆ ಮಾಡಬೇಕು, ಮಾಡಿ ಬಾಯಿ ಮುಚ್ಚಬೇಕು. ಆಮೇಲೆ ಆಕೆ ತನ್ನ ಕೂಗಿನಲ್ಲಿ ಒಳಗೆ ಹೋಗುವುದು. ಯಾವ ಕಳ್ಳಿಯೂ ಮೈಕು ಕಟ್ಟಿಸಿಕೊಂಡು ಊರಿಗೆ ಬರುವುದಿಲ್ಲ ಎಂಬುದೇ ನನ್ನ ಲೆಕ್ಕಾಚಾರ.

ಬ್ರಹ್ಮಸಮುದ್ರದಲ್ಲಿ ಒಂದು ಗಾಡಿ ಗೊತ್ತುಮಾಡಿದೆ. ಹಾರ್ನಿನ ಮೊದಲ ಕೀಚಲಿಗೇ ಎತ್ತುಗಳು ಬೆದರಿ ಗಾಡಿಯನ್ನು ಕಡಲೆಕಾಯಿ ಹೊಲಕ್ಕೆ ಎಳೆದುಕೊಂಡು ಹೋದವು. ಆಂಪ್ಲಿಫೈಯರು ತಬ್ಬಿಕೊಂಡು ನಾನು ಗಾಡಿಯಲ್ಲಿ ಮಲಗಿಬಿಟ್ಟೆ. ಗಾಡಿಯವನು ನನ್ನನ್ನೂ, ಎತ್ತುಗಳನ್ನೂ ಒಂದೇ ಬೈಗುಳದಲ್ಲಿ ಬೈದ. ಆಮೇಲೆ ಎರಡು ಹಾರ್ನನ್ನೂ ಹಿಂದಕ್ಕೆ ತಿರುಗಿಸಿ, ವಾಲ್ಯೂಮು ತಗ್ಗಿಸಿ ಶುರು ಮಾಡಿ, ಎತ್ತುಗಳಿಗೆ ಅಭ್ಯಾಸವಾದ ಹಾಗೆ ನಿಧಾನಕ್ಕೆ ಏರಿಸಿದೆ. ಊರಿಗೆ ಬೆನ್ನು ಹಾಕಿ ಗಾಡಿ ನಿಲ್ಲಿಸಿಕೊಂಡು ಪ್ರಕಟಣೆ ಮಾಡಿದ್ದು ನನ್ನ ಕಸುಬಿನಲ್ಲಿ ಅದೇ ಮೊದಲು.

"ಅಕ್ಕತಂಗಿಯರ ಗಮನಕ್ಕೆ. ನಿಮ್ಮ ಕೂದಲಿನ ಅವ್ವ ನಿಮ್ಮೂರಿಗೆ ಬಂದಿದ್ದಾಳೆ. ಗೋಡೆಯಲ್ಲಿ ಸಿಕ್ಕಿಸಿಟ್ಟ ಕೂದಲು ತನ್ನಿ. ಪಿನ್ನು, ಸೂಜಿ, ದಬ್ಬಣ, ಬಣ್ಣದ ಟೇಪು ಇದೆ. ತಡ ಮಾಡಿದರೆ ಒಳ್ಳೆಯದೆಲ್ಲ ಖರ್ಚಾಗುತ್ತದೆ." ಇಷ್ಟೇ. ಮಗು ಎಂಬ ಮಾತಿಲ್ಲ, ಕಳ್ಳಿ ಎಂಬ ಮಾತಿಲ್ಲ, ಸರ್ಕಾರದ ಸುಳಿವಿಲ್ಲ. ಬತಾಸನ್ನೂ ಬಿಟ್ಟಿದ್ದೆವು. ಆ ವಾಡಿಕೆ ನಿಲ್ಲಿಸಿದ್ದಕ್ಕೆ ಆಕೆಗೆ ಬೇಜಾರಾಯಿತು. ಮಕ್ಕಳು ಕೈ ಚಾಚಿದಾಗ ಬೇರೆ ಕಡೆ ನೋಡುತ್ತಿದ್ದಳು.

ಆಕೆಯ ಸ್ವಂತ ಊರುಗಳಲ್ಲಿ ಹೆಂಗಸರು ಮೊರ, ಬುಟ್ಟಿಗಳಲ್ಲಿ ಕೂದಲು ತಂದರು. ಎಲ್ಲಿ ಹೋಗಿದ್ದೆ ಎಂದು ಜಗಳವಾಡಿದರು, ಹಣೆಗೆ ಏನಾಯಿತು ಎಂದು ಕೇಳಿದರು. ಬಿದ್ದೆ ಎಂದಳು. ಆಕೆ ಕೂದಲನ್ನು ಅಂಗೈಯಲ್ಲಿ ತೂಗಿ ನೋಡಿ, ಮಣ್ಣು ಕೊಡವಿ, ಎಷ್ಟು ಪಿನ್ನು ಎಂದು ಹೇಳುವುದು. ಅವರು ಇನ್ನೂ ಒಂದು ಹಾಕು ಎನ್ನುವುದು. ಇವರ ಚೌಕಾಸಿ ಮುಗಿಯುವವರೆಗೆ ನಾನು ಗಾಡಿಯಲ್ಲಿ ಕೂತು ತಂತಿ ಸುತ್ತುತ್ತಿದ್ದೆ. ಕೆಲವು ದಿನಗಳಲ್ಲಿ ಉಳಿದ ಗುಡಿಸಲಿನವರೂ ತಮ್ಮ ತಮ್ಮ ಊರಿಗೆ ಹೊರಟರು. ಅಧಿಕಾರಿ ಮೇಲಿನವರಿಗೆ, ಪ್ರಚಾರದಿಂದಾಗಿ ವದಂತಿ ನಿವಾರಣೆಯಾಗಿದೆ ಎಂದು ಬರೆದರು. ಅವರು ಬರೆದದ್ದನ್ನು ನಾನೂ ನಂಬಿದ್ದೆ.

ನನ್ನ ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಹಾರ್ನು ಬಿಚ್ಚುವಾಗ ಹಿರಿಯಾಕೆ ಬಂದು, ಇನ್ನೊಂದು ಊರಿದೆ ಎಂದಳು. ಯಾವುದು ಎಂದು ಕೇಳಬೇಕಾಗಿರಲಿಲ್ಲ.

"ಬೇಡ ಕಣಮ್ಮ. ಇರೋ ಊರು ಸಾಕು."

"ನನಗೆ ಸಾಕು. ನನ್ ಸೊಸೆಗೆ? ಆ ಊರು ಬಿಟ್ರೆ ಅದ್ರಿಂದಾಚೆ ಊರೆಲ್ಲಾ ಹೋಯ್ತವೆ, ದಾರಿ ಅದೊಂದೇ. ಈಗ ಹೋಗ್ದಿದ್ರೆ ಇನ್ಯಾವತ್ತೂ ಹೋಗಾಕಾಗಲ್ಲ. ನೀನು ಬತ್ತೀಯೋ, ನಾನೊಬ್ಳೇ ಹೋಗ್ಲೋ?"

ಹಣೆಯ ಬಟ್ಟೆ ಬಿಚ್ಚಿದ್ದಳು. ಗಾಯದ ಗುರುತು ಕೆಂಪಗೆ ಹೊಳೆಯುತ್ತಿತ್ತು. ಸೆರಗನ್ನು ಮುಂದಕ್ಕೆ ಎಳೆದುಕೊಂಡಳು. ಸೊಸೆಯನ್ನು ಕರೆತರಲಿಲ್ಲ.

ಗಂಡಸರು ಹೊಲಕ್ಕೆ ಹೋಗಿರುವ ಹೊತ್ತು ನೋಡಿ ಹೋದೆವು. ಊರ ಬಾಗಿಲಲ್ಲಿ ಗಾಡಿ ತಿರುಗಿಸಿ ನಿಲ್ಲಿಸಿ ಮೈಕು ಹಿಡಿದೆ. "ನಿಮ್ಮ ಕೂದಲಿನ ಅವ್ವ" ಎನ್ನುವ ಹಾಗಿರಲಿಲ್ಲ, ಅವರ ಕೂದಲಿನವಳು ತೀರಿಕೊಂಡವಳು. ಅವಳ ಅಕ್ಕ ಬಂದಿದ್ದಾಳೆ ಎಂದೆ. ಸ್ವಿಚ್ಚು ಆರಿಸಿದೆ. ಆಕೆ ಕೂಗಿದಳು. ಬೀದಿ ಅಲುಗಲಿಲ್ಲ. ಇನ್ನೊಮ್ಮೆ ಕೂಗಿದಳು. ಚಾವಡಿಯಲ್ಲಿ ಒಬ್ಬನೇ ಒಬ್ಬ ಗಂಡಸು ಹಗ್ಗ ಹೊಸೆಯುತ್ತ ಕೂತಿದ್ದವನು ತಲೆ ಎತ್ತಿದ. ಆಕೆಯನ್ನು ನೋಡಿದ. ಅವನ ಕೈ ನಿಂತಿತು. ಗುರುತು ಹಿಡಿದ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಗಾಡಿಯವನಿಗೆ ಮೂಗುದಾರ ಕೈಯಲ್ಲಿ ಹಿಡಿದಿರು ಎಂದು ಪಿಸುಗುಟ್ಟಿದೆ.

ಅವನು ತಲೆ ತಗ್ಗಿಸಿಕೊಂಡು ಮತ್ತೆ ಹಗ್ಗ ಹೊಸೆಯತೊಡಗಿದ.

ಒಂದು ಬಾಗಿಲು ತೆರೆಯಿತು. ಮಗುವನ್ನು ಸೊಂಟದಲ್ಲಿ ಎತ್ತಿಕೊಂಡ ಚಿಕ್ಕ ವಯಸ್ಸಿನ ಹೆಂಗಸು, ಕೈಯಲ್ಲಿ ಕೂದಲಿನ ಉಂಡೆಗಳು. "ನಮ್ ಕೂದ್ಲವ್ವನ ಅಕ್ಕನಾ ನೀನು? ಆವಮ್ಮ ಯಾಕೆ ಬರ್ನಿಲ್ಲ?" ಎಂದಳು. ತೀರಿಕೊಂಡದ್ದು ಕೇಳಿ ಲೊಚಗುಟ್ಟಿದಳು. ಹಿರಿಯಾಕೆ ಕೆಳಗೆ ಕೂತು ಕೂದಲಿನ ಸಿಕ್ಕು ಬಿಡಿಸುತ್ತಿದ್ದಂತೆ ಇನ್ನೂ ಕೆಲವರು ಬಂದು ಸುತ್ತ ನಿಂತರು. ಮಗುವಿನ ತಾಯಿ ಹತ್ತಿರ ಕುಕ್ಕರಿಸಿದಳು.

"ನೀನೂ ಹುಷಾರಾಗಿ ತಿರುಗು ಕಣವ್ವ. ನಮ್ಮೂರಾಗೆ ಮಕ್ಕಳ ಕಳ್ಳೀನ ಹಿಡ್ದಿದ್ರು. ಆ ಚಾವ್ಡೀಲೇ ಕಟ್ಟಾಕಿದ್ರು. ನಾವು ಹೆಂಗಸ್ರು ಮಕ್ಕಳನ್ನ ಮಡಿಕ್ಕೊಂಡು ಒಳಗಿದ್ವಿ, ನೋಡ್ಲಿಲ್ಲ. ನಮ್ಮೆಜಮಾನ್ರು ಹೇಳಿದ್ರು. ಆಳೆತ್ತರ ಇದ್ಲಂತೆ, ಕಣ್ಣು ಕೆಂಡದಂಗೆ. ಚೀಲದ ತುಂಬಾ ಮಕ್ಕಳ ಕೂದ್ಲಂತೆ. ಪೊಲೀಸ್ನೋರು ಬಂದು ಬಿಡಿಸ್ಕೊಂಡೋದ್ರು. ಈಗ ಎಲ್ಲೈತೋ ಏನೋ."

ಚಾವಡಿಯವನಿಗೆ ಇದು ಕೇಳಿಸುತ್ತಿತ್ತು. ಅವನು ಹಗ್ಗದಿಂದ ಕಣ್ಣು ತೆಗೆಯಲಿಲ್ಲ. ನಾನು ಮೈಕು ಕೈಯಲ್ಲಿ ಹಿಡಿದುಕೊಂಡೇ ಇದ್ದೆ. ಇಡೀ ಮಂಡಲಕ್ಕೆ ಕೇಳುವಂಥ ಸಾಮಾನು ನನ್ನ ಕೈಯಲ್ಲಿತ್ತು, ಹೇಳಬೇಕಾದ ಮಾತು ಒಂದೇ ಒಂದು. ಆ ಒಂದು ಮಾತು ಆಡಿದ ಮೇಲೆ ಆಕೆ ಅಲ್ಲಿಂದ ಜೀವಂತವಾಗಿ ಹೊರಗೆ ಬರುತ್ತಾಳೆ ಎಂಬ ಧೈರ್ಯ ನನಗಿರಲಿಲ್ಲ.

ಆಕೆ ಸಿಕ್ಕು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಪಿನ್ನು ಕೊಟ್ಟಳು, ಕೇಳದೆಯೇ ಒಂದು ಹೆಚ್ಚು ಹಾಕಿದಳು. ಆಮೇಲೆ ಮಗುವಿನ ಕಾಲನ್ನು ಮೆಲ್ಲಗೆ ಮುಟ್ಟಿ, "ಜೋಪಾನ ಕಣವ್ವ. ಒಬ್ಬಂಟಿಯಾಗಿ ಎಲ್ಲೂ ಬಿಡಬ್ಯಾಡ ಮಗೀನ" ಎಂದಳು.

ಊರು ದಾಟಿದ ಮೇಲೆ ಆಕೆಯನ್ನು ಗಾಡಿಗೆ ಹತ್ತಿಸಿಕೊಂಡೆ. ಎಂದೂ ಗಾಡಿ ಹತ್ತದವಳು, ಅವತ್ತು ಹತ್ತಿದಳು. ಬಹಳ ದೂರ ಬಂದ ಮೇಲೆ, ಈಗಲಾದರೂ ಹೇಳಬಹುದಿತ್ತಲ್ಲಮ್ಮ, ಅವಳು ನಾನೇ, ನಾನು ಕಳ್ಳಿಯಲ್ಲ ಅಂತ, ಎಂದೆ. ಎಷ್ಟು ಸುಲಭವಾಗಿ ಹೇಳಿಬಿಟ್ಟೆ ಎಂದು ಹೇಳಿದ ಮೇಲೆ ಅನ್ನಿಸಿತು.

"ಆಯಮ್ಮನ ಮನ್ಸಾಗೆ ಒಬ್ಳು ಕಳ್ಳಿ ಕುಂತ್ಬುಟ್ಟವ್ಳೆ ಕಣಪ್ಪ" ಎಂದಳು ಆಕೆ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ಅವ್ಳನ್ನ ಎಬ್ಬಿಸಾಕೆ ನನ್ ಕೈಲಾಗಲ್ಲ, ನಿನ್ ಮೈಕಿನ ಕೈಲೂ ಆಗಲ್ಲ. ಅವ್ಳು ಅಲ್ಲೇ ಇರ್ಲಿ. ಅವ್ಳ ಮೊಕ ನಂದಾಗ್ದಿದ್ರೆ ಸಾಕು."